ಮುಂಬಯಿ: ನೋಡುವ ನಗರ, ಉಣ್ಣುವ ಚರಿತ್ರೆ

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಗಾಗುವಷ್ಟರಲ್ಲಿ ಮುಂಬಯಿಯನ್ನು ಮುಟ್ಟುತ್ತದೆ. ನಮ್ಮ ಗಡಿನಾಡಿನ ಕನ್ನಡ ಮನೆಗಳಲ್ಲಿ ಈ ಗಾಡಿಯನ್ನು ಒಮ್ಮೆಯಾದರೂ ಹತ್ತದವರು ವಿರಳ. ಆಸ್ಪತ್ರೆಗೆಂದು, ನೌಕರಿಯ ಸಂದರ್ಶನಕ್ಕೆಂದು, ಮಗಳ ಮನೆಯ ಬಾಣಂತನಕ್ಕೆಂದು ಹೋಗುತ್ತೇವೆ. ಕೆಲಸ ತೀರಿದ ಮೇಲೆ ಉಳಿದ ಒಂದು ದಿನದಲ್ಲಿ ಗೇಟ್‌ವೇ ನೋಡಿ, ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು, ಚೌಪಾಟಿಯಲ್ಲಿ ಭೇಲ್‌ಪುರಿ ತಿಂದು, ಮರಳುವ ಗಾಡಿಗೆ ವಡಾ ಪಾವ್ ಕಟ್ಟಿಸಿಕೊಂಡು ಬರುತ್ತೇವೆ. ಕಂಡ ಕಟ್ಟಡಗಳ ಚರಿತ್ರೆಯನ್ನು ಹೇಳುವ ಫಲಕಗಳು ಅಲ್ಲಲ್ಲಿಯೇ ಇರುತ್ತವೆ. ತಿಂದ ತಿನಿಸಿಗೆ ಅಂಥ ಫಲಕವಿಲ್ಲ. ಆದರೆ ಆ ಮಹಾನಗರವನ್ನು ದುಡಿದು ಕಟ್ಟಿದವರ ಚರಿತ್ರೆ ಕಟ್ಟಡಗಳಿಗಿಂತ ಅದರ ಬೀದಿಯ ಊಟದಲ್ಲಿಯೇ ಹೆಚ್ಚಾಗಿ ಉಳಿದಿದೆಯೆಂದು ನನಗೆ ತೋರುತ್ತದೆ. ಆ ಚರಿತ್ರೆಯಲ್ಲಿ ಕನ್ನಡಿಗರ ಪಾಲೂ ಇದೆ. ಅದನ್ನು ನೆನೆಯುವುದು ಈ ಲೇಖನದ ಉದ್ದೇಶ.

ಕಡಲಂಚಿನ ಹಳೆಯ ನಂಟು

ಗೇಟ್‌ವೇಯಿಂದ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಎಲಿಫೆಂಟಾ ದ್ವೀಪ ಸಿಗುತ್ತದೆ. ಸ್ಥಳೀಯರು ಇದನ್ನು ಘಾರಾಪುರಿ ಎನ್ನುತ್ತಾರೆ. ಆನೆಯ ಕಲ್ಲುಮೂರ್ತಿಯನ್ನು ಕಂಡು ಎಲಿಫೆಂಟಾ ಎಂಬ ಹೆಸರಿಟ್ಟವರು ಪೋರ್ಚುಗೀಸರು. ಗುಹೆಯ ಒಳಗೆ ಅರೆಬೆಳಕಿನಲ್ಲಿ ನಿಂತಿರುವ ಮೂರು ಮುಖಗಳ ಸದಾಶಿವನ ಮುಂದೆ ಮಾತು ತಾನಾಗಿ ನಿಲ್ಲುತ್ತದೆ. ಈ ಗುಹೆಗಳು ಆರನೆಯ ಶತಮಾನದವು. ಕಳಚುರಿಗಳ ಕಾಲದವೆಂಬುದು ಹೆಚ್ಚಿನ ವಿದ್ವಾಂಸರ ಮತ. 1987ರಲ್ಲಿ ಯುನೆಸ್ಕೊ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634ರಲ್ಲಿ ರವಿಕೀರ್ತಿ ಬರೆಸಿದ ಶಾಸನವು, ಬಾದಾಮಿಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಶ್ಚಿಮ ಸಮುದ್ರದ ಸಿರಿನಗರವಾದ ಪುರಿಯನ್ನು ಹಡಗುಗಳ ಪಡೆಯೊಡನೆ ಮುತ್ತಿದನೆಂದು ವರ್ಣಿಸುತ್ತದೆ. ಆ ಪುರಿಯೇ ಈ ಘಾರಾಪುರಿಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮೊದಲು ಮಳಖೇಡದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಅವರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಆ ತಗರವೆಂದರೆ ನಮ್ಮ ಸೊಲ್ಲಾಪುರಕ್ಕೆ ದೂರವಲ್ಲದ ಇಂದಿನ ತೇರ್. ಅಂಬರನಾಥದಲ್ಲಿ 1060ರ ಶಾಸನವುಳ್ಳ ಶಿವಾಲಯ ಅವರದೇ ಕಾಲದ್ದು. ಘಟ್ಟದ ಮೇಲಿನ ನಾಡಿಗೂ ಆ ಕಡಲಿಗೂ ಇರುವ ಹೋಗುಬರುವಿಕೆ ರೈಲಿನೊಡನೆ ಹುಟ್ಟಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಏಳು ದ್ವೀಪಗಳಿಂದ ಒಂದು ನಗರ

ಇಂದು ನಾವು ಕಾಣುವ ಮುಂಬಯಿ ಒಂದು ಕಾಲಕ್ಕೆ ಏಳು ದ್ವೀಪಗಳ ಗುಂಪು. ಮೀನು ಹಿಡಿಯುವ ಕೋಳಿಗಳು ಅಲ್ಲಿಯ ಹಳೆಯ ನಿವಾಸಿಗಳು. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರಿಗೆ, 1661ರ ವಿವಾಹ ಒಪ್ಪಂದದಿಂದ ಇಂಗ್ಲೆಂಡಿನ ಅರಸನಿಗೆ, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಗೇಣಿಯ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಈ ದ್ವೀಪಗಳು ಕೈಬದಲಾದವು. ನಡುವಣ ಉಪ್ಪುನೀರನ್ನು ತಡೆದು, ಮಣ್ಣು ತುಂಬಿ, ಶತಮಾನಗಳ ದುಡಿಮೆಯಿಂದ ದ್ವೀಪಗಳನ್ನು ಒಂದಾಗಿಸಲಾಯಿತು. ಸಂಜೆಯ ಗಾಳಿಗೆಂದು ನಾವು ಕುಳಿತುಕೊಳ್ಳುವ ಮರೀನ್ ಡ್ರೈವ್ ಕೂಡ ಇಪ್ಪತ್ತನೆಯ ಶತಮಾನದಲ್ಲಿ ಕಡಲಿನಿಂದ ಗೆದ್ದುಕೊಂಡ ನೆಲವೇ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಅದೇ ಮಾರ್ಗ ಘಟ್ಟವೇರಿ 1860ರಲ್ಲಿ ಸೊಲ್ಲಾಪುರಕ್ಕೂ, 1871ರಲ್ಲಿ ರಾಯಚೂರಿಗೂ ತಲುಪಿತು. ಬೋರಿಬಂದರದಲ್ಲಿ ಎಫ್. ಡಬ್ಲ್ಯೂ. ಸ್ಟೀವನ್ಸ್ ರೂಪಿಸಿದ ಭವ್ಯ ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. ವಿಕ್ಟೋರಿಯಾ ಟರ್ಮಿನಸ್ ಆಗಿದ್ದ ಅದು ಇಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಗಡಿಬಿಡಿಯಲ್ಲಿ ಹೊರಬೀಳುವ ನಾವು ತಲೆಯೆತ್ತಿ ನೋಡುವುದು ಕಡಿಮೆ. ಒಮ್ಮೆ ರಸ್ತೆಯ ಆಚೆಗೆ ನಿಂತು ನೋಡಬೇಕು: ಕಲ್ಲಿನಲ್ಲಿ ನವಿಲು, ಮಂಗ, ಎಲೆಬಳ್ಳಿ ಮೂಡಿವೆ. ಆ ಕೆತ್ತನೆಗೆ ನೆರವಾದವರು ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳು.

ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ ಗೇಟ್‌ವೇ ಪೂರ್ಣಗೊಂಡದ್ದು 1924ರಲ್ಲಿ. ದೊರೆಯ ಸ್ವಾಗತಕ್ಕೆಂದು ಕಲ್ಪಿಸಿದ ಆ ಕಮಾನಿನ ಕೆಳಗಿನಿಂದಲೇ 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಹೊರನಡೆಯಿತು.

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಕೋರ್ಟಿನ ಕೊನೆಯ ಮೆಟ್ಟಿಲು ಮುಂಬಯಿ, ಪದವಿಯ ಪ್ರಮಾಣಪತ್ರ ಮುಂಬಯಿ ವಿಶ್ವವಿದ್ಯಾಲಯದ್ದು. ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ವ್ಯಾಪಾರಿ ಮೊರಾರಜಿ ಗೋಕುಲದಾಸರ ಬಂಡವಾಳ 1877ರಲ್ಲಿ ಸೊಲ್ಲಾಪುರಕ್ಕೆ ಬಂದು ನಮ್ಮ ‘ಜುನೀ ಮಿಲ್’ ಆಯಿತು.

ಚೌಪಾಟಿಯ ಉಪ್ಪು, ಚೌಪಾಟಿಯ ಭೇಲ್

ಗಿರಗಾಂವ್ ಚೌಪಾಟಿಯ ಮರಳಿನಲ್ಲಿ 1920ರ ಆಗಸ್ಟಿನಲ್ಲಿ ಲೋಕಮಾನ್ಯ ತಿಲಕರ ಅಂತ್ಯಕ್ರಿಯೆ ನಡೆಯಿತು. 1930ರಲ್ಲಿ ಅದೇ ದಂಡೆಯಲ್ಲಿ ಉಪ್ಪಿನ ಕಾನೂನನ್ನು ಮುರಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂಚೂಣಿಯಲ್ಲಿದ್ದರು. ಉಪ್ಪಿನ ಪೊಟ್ಟಣಗಳನ್ನು ನಗರದ ನಡುವೆಯೇ ಮಾರಿ ಅವರು ಸೆರೆಮನೆಗೆ ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸೊಲ್ಲಾಪುರ ಮಾರ್ಷಲ್ ಲಾ ಕಂಡಿತು. ಮುಂದಿನ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಾತಿಗಳು ಯರವಡಾದಲ್ಲಿ ನೇಣಿಗೇರಿದರು. ಚೌಪಾಟಿಯಲ್ಲಿ ನಿಂತ ಸೊಲ್ಲಾಪುರದವನಿಗೆ ಈ ಎರಡು ನೆನಪುಗಳು ಒಟ್ಟಿಗೇ ಬರುವುದು ಸಹಜ.

ಇಂದು ಆ ದಂಡೆ ಭೇಲ್‌ಪುರಿಗೆ ಪ್ರಸಿದ್ಧ. ಚುರಮುರಿ, ಸಣ್ಣ ಸೇವು, ಮುರಿದ ಪುರಿ, ಬೇಯಿಸಿದ ಬಟಾಟೆ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಮೇಲೆ ಖಾರದ ಹಸಿರು ಚಟ್ನಿ ಮತ್ತು ಹುಣಸೆ, ಖರ್ಜೂರದ ಸಿಹಿ ಚಟ್ನಿ. ಇದರ ಸಿಹಿಹುಳಿಯಲ್ಲಿ ಗುಜರಾತಿಗಳ ಕೈ ಸ್ಪಷ್ಟ. ಆದರೆ ಚುರಮುರಿಗೆ ಉಳ್ಳಾಗಡ್ಡಿ, ಖಾರ ಕಲಸಿ ತಿನ್ನುವ ನಮಗೆ ಅದು ಅಪರಿಚಿತವೂ ಅಲ್ಲ. ನಮ್ಮ ಕಡೆಯ ಗಿರಮಿಟ್ಟಿನ ಸೋದರಸಂಬಂಧಿಯಂತೆಯೇ ಕಾಣುತ್ತದೆ. ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತದೆ ಎಂಬ ನಿಯಮವೂ ಎರಡಕ್ಕೂ ಒಂದೇ.

ಗಿರಣಿಯ ಹಸಿವು

ಮುಂಬಯಿಯ ಬೀದಿ ಊಟವನ್ನು ಬೆಳೆಸಿದ್ದು ಪ್ರವಾಸಿಗರ ನಾಲಿಗೆಯಲ್ಲ, ಗಿರಣಿ ಕಾರ್ಮಿಕರ ಹಸಿವು. 1850ರ ದಶಕದಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾದ ಮೇಲೆ ಪರಳ, ಲಾಲಬಾಗ, ವರಳಿಗಳ ಸುತ್ತ ‘ಗಿರಣಗಾಂವ್’ ಎಂಬ ದೊಡ್ಡ ಕಾರ್ಮಿಕ ಪ್ರದೇಶವೇ ಬೆಳೆಯಿತು. ಕೊಂಕಣದಿಂದ, ಘಟ್ಟದ ಮೇಲಿನ ಬರದ ಊರುಗಳಿಂದ ಗಂಡಸರು ಸಂಸಾರವನ್ನು ಊರಲ್ಲಿ ಬಿಟ್ಟು ಬಂದರು. ಚಾಳಿನ ಒಂದು ಕೋಣೆಯಲ್ಲಿ ಹಲವರು ಪಾಳಿಯ ಮೇಲೆ ಮಲಗಿದರು. ಇವರಿಗೆ ತಿಂಗಳ ಲೆಕ್ಕದಲ್ಲಿ ಅನ್ನ ಹಾಕಿದವರು ಖಾನಾವಳಿ ನಡೆಸುತ್ತಿದ್ದ ಹೆಂಗಸರು. ಖಾನಾವಳಿ ಎಂಬ ಶಬ್ದ ನಮಗೂ ಮನೆಯ ಮಾತು; ಹುಬ್ಬಳ್ಳಿ, ವಿಜಾಪುರಗಳಲ್ಲಿ ರೊಟ್ಟಿಯ ಊಟ ಸಿಗುವ ಸ್ಥಳ ಅದೇ. ಸಾಲದ ಬಡ್ಡಿಯಲ್ಲಿ ನಲುಗುತ್ತಿದ್ದ ಆ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳದ ಮೂಲಕ ಸಂಘಟಿಸಿದರು.

ಪಾಳಿಯ ನಡುವಿನ ಅಲ್ಪ ವಿರಾಮದಲ್ಲಿ ಬೇಗ ತಿಂದು ಮುಗಿಸಬಹುದಾದದ್ದು ಬೇಕಾಗಿತ್ತು. ತರಕಾರಿಯನ್ನೆಲ್ಲ ದೊಡ್ಡ ಹಂಚಿನ ಮೇಲೆ ಅರೆದು ಬೇಯಿಸಿದ ಪಾವ್‌ಭಾಜಿ ಗಿರಣಿಯವರ ಊಟವಾಗಿ ಬೆಳೆಯಿತೆಂಬುದು ಜನಜನಿತ. ವಡಾ ಪಾವ್‌ನ ಕತೆ ಇನ್ನೂ ಈಚಿನದು. 1966ರ ಹೊತ್ತಿಗೆ ದಾದರ ನಿಲ್ದಾಣದ ಹೊರಗೆ ಅಶೋಕ ವೈದ್ಯರು ಬಟಾಟೆ ವಡೆಯನ್ನು ಪಾವ್‌ನ ನಡುವೆ ಇಟ್ಟು ಮಾರತೊಡಗಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಟ್ಟೆ ಬೇಡ, ಕೂರಲು ಜಾಗ ಬೇಡ, ಲೋಕಲ್ ಗಾಡಿ ಬರುವಷ್ಟರಲ್ಲಿ ಮುಗಿಯುತ್ತದೆ. ಒಣ ಬೆಳ್ಳುಳ್ಳಿ ಚಟ್ನಿಯ ಖಾರ ನಾಲಿಗೆಯ ಮೇಲೆ ಮುಂದಿನ ನಿಲ್ದಾಣದವರೆಗೂ ಇರುತ್ತದೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ತೆರೆಯಲೇ ಇಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಮನೆಗಳು ಬೀದಿಯಲ್ಲಿ ವಡೆಯ ಬಾಣಲೆ ಇಟ್ಟು ಬದುಕಿಕೊಂಡವು. ಜುನೀ ಮಿಲ್ಲಿನ ಭೋಂಗಾ ನಿಂತುದನ್ನು ಕಂಡ ಸೊಲ್ಲಾಪುರದ ಹಿರಿಯರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ.

ಮಾಟುಂಗಾದ ಬಾಳೆಯೆಲೆ

ಕನ್ನಡಿಗರು ಈ ನಗರದ ಹಸಿವಿಗೆ ಕೊಟ್ಟ ಉತ್ತರ ಉಡುಪಿ ಹೊಟೇಲು. ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಅದಕ್ಕೂ ಬಹು ಮೊದಲೇ ದಕ್ಷಿಣ ಕನ್ನಡದ ಹುಡುಗರು ಹಡಗಿನಲ್ಲಿ, ಬಸ್ಸಿನಲ್ಲಿ ಮುಂಬಯಿ ಸೇರಿದರು. ಅಷ್ಟಮಠಗಳ ಊರಿನ ಅಡುಗೆಯ ಶುಚಿ, ಕಡಿಮೆ ಬೆಲೆ, ಬೇಗ ಬಡಿಸುವ ಶಿಸ್ತು ಅವರ ಬಂಡವಾಳ. ಎ. ರಾಮನಾಯಕರು 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಯೆಲೆಯ ಊಟಕ್ಕೆ ಹೆಸರಾಯಿತು. ಇಡ್ಲಿ, ದೋಸೆಗಳು ನಗರದ ಎಲ್ಲ ಭಾಷಿಕರ ಬೆಳಗಿನ ತಿಂಡಿಯಾದವು. ಬೀದಿಯ ಗಾಡಿಗಳಲ್ಲಿ ಸಿಗುವ ‘ಮೈಸೂರು ಮಸಾಲಾ’ ದೋಸೆಯನ್ನು ಮೈಸೂರಿನವರೇ ಗುರುತಿಸುವುದು ಕಷ್ಟ; ಅಷ್ಟು ತರಕಾರಿ, ಅಷ್ಟು ಬೆಣ್ಣೆ. ಆದರೂ ಹೆಸರು ಉಳಿದಿದೆ.

ಆ ಹೊಟೇಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರನ್ನು ಮರೆಯಬಾರದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಒಂದು ದೊಡ್ಡ ಅಧ್ಯಾಯ. ಹಗಲೆಲ್ಲ ನಿಂತು ದುಡಿದ ಕಾಲುಗಳು ಸಂಜೆ ಬೆಂಚಿನ ಮೇಲೆ ಕುಳಿತವು. ಅಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಹೊಟೇಲಿನ ಮಾಲಿಕರೂ ಆದರು.

ಈ ಚರಿತ್ರೆಯಲ್ಲಿ ಕಹಿಯೂ ಇದೆ. 1967ರಲ್ಲಿ ಮಹಾಜನ ಆಯೋಗದ ವರದಿ ಬಂದಿತ್ತು. ಅದರಲ್ಲಿ ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಹೆಸರೂ ಕಾಸರಗೋಡಿನ ಹೆಸರೂ ಇದ್ದವು. ಗಡಿಪ್ರಶ್ನೆ 1969ರ ಫೆಬ್ರುವರಿಯಲ್ಲಿ ಮುಂಬಯಿಯ ಬೀದಿಗಿಳಿಯಿತು. ಶಿವಸೇನೆಯ ಚಳವಳಿಯ ಆ ದಿನಗಳಲ್ಲಿ ಗಲಭೆ ಹಬ್ಬಿತು, ಜೀವಗಳು ಹೋದವು, ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದವು. ಉಡುಪಿ ತಿಂಡಿಗೆ ಎದುರಾಗಿ ವಡಾ ಪಾವ್ ಅನ್ನು ಮರಾಠಿ ತಿಂಡಿಯೆಂದು ನಿಲ್ಲಿಸುವ ಪ್ರಯತ್ನವೂ ಮುಂದೆ ನಡೆಯಿತು. ಆದರೆ ತಿನಿಸಿನ ಚರಿತ್ರೆ ಅಂಥ ಗೆರೆಗೆ ಒಗ್ಗುವುದಿಲ್ಲ. ವಡಾ ಪಾವ್‌ನ ಬಟಾಟೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದ ಮೂಲದವು. ಪಾವ್ ಎಂಬುದು ಪೋರ್ಚುಗೀಸರ ಮಾತು. ಅದನ್ನು ಮುಂಬಯಿಗೆ ಬೇಯಿಸಿಕೊಟ್ಟವರಲ್ಲಿ ಗೋವೆಯವರು ಮೊದಲಿಗರು. ಕಲ್ಲು ಬಿದ್ದ ಹೊಟೇಲುಗಳು ಮತ್ತೆ ಬಾಗಿಲು ತೆರೆದವು, ಮರಾಠಿ ಗಿರಾಕಿಗಳೂ ಮತ್ತೆ ಬಂದರು. ಇಂದು ಉಡುಪಿ ಹೊಟೇಲಿನಲ್ಲಿ ಪಾವ್‌ಭಾಜಿ ಸಿಗುತ್ತದೆ, ಮರಾಠಿ ಮನೆಗಳಲ್ಲಿ ಭಾನುವಾರ ದೋಸೆಯ ಕಾವಲಿ ಒಲೆಯೇರುತ್ತದೆ.

ನಮ್ಮ ಪಾಲಿನ ಕೆಲಸ

ದುಡಿಮೆಯ ಜೊತೆಗೇ ಅಲ್ಲಿ ನುಡಿಯೂ ಬೆಳೆಯಿತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1950ರಲ್ಲಿ ನಮ್ಮ ಸೊಲ್ಲಾಪುರದಲ್ಲಿ, 1951ರಲ್ಲಿ ಮುಂಬಯಿಯಲ್ಲಿ ನೆರೆಯಿತು. ಮುಂಬಯಿಯ ಅಧ್ಯಕ್ಷರು ಮಂಜೇಶ್ವರದ ಗೋವಿಂದ ಪೈಗಳು. ಐದು ವರ್ಷಗಳ ತರುವಾಯ ಅವರ ಊರೂ ನಮ್ಮ ಊರುಗಳಂತೆ ಗಡಿಯ ಆಚೆಗೇ ಉಳಿಯಿತು. ಯಶವಂತ ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಕತೆಗಳು ಆ ನಗರದ ಬದುಕನ್ನು ಕನ್ನಡಕ್ಕೆ ತಂದವು.

ಆದರೆ ಲೋಟ ತೊಳೆದವರ, ಗಿರಣಿಯಲ್ಲಿ ನೂಲು ಜೋಡಿಸಿದವರ, 1972ರ ಬರದಲ್ಲಿ ಊರು ಬಿಟ್ಟವರ ಕತೆಗಳು ಬಹುಪಾಲು ಬರಹಕ್ಕಿಳಿದಿಲ್ಲ. ಅವು ನಮ್ಮ ಮನೆಗಳ ಹಿರಿಯರ ನೆನಪಿನಲ್ಲಿವೆ, ಟ್ರಂಕಿನ ತಳದಲ್ಲಿರುವ ಗಿರಣಿಯ ಪಾಸಿನಲ್ಲಿ, ರಾತ್ರಿ ಶಾಲೆಯ ಅಂಕಪಟ್ಟಿಯಲ್ಲಿ, ಊರಿಗೆ ಬರೆದ ಕನ್ನಡ ಕಾಗದಗಳಲ್ಲಿವೆ. ಆ ಹಿರಿಯರಲ್ಲಿ ಅನೇಕರು ಈಗ ಎಂಬತ್ತು ದಾಟಿದ್ದಾರೆ. ಸಂಘದ ಪ್ರತಿಯೊಂದು ಕುಟುಂಬವೂ ಈ ವರ್ಷ ತನ್ನ ಮನೆಯ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಅವರು ಎಲ್ಲಿ ದುಡಿದರು, ಎಲ್ಲಿ ಉಂಡರು, ಯಾವ ಭಾಷೆಯಲ್ಲಿ ಜಗಳವಾಡಿದರು, ಯಾರು ಅನ್ನ ಹಾಕಿದರು ಎಂಬುದನ್ನು ಬರೆದಿಟ್ಟರೆ ಮುಂದಿನ ಸ್ಮರಣ ಸಂಚಿಕೆಗೆ ಅದಕ್ಕಿಂತ ಬೆಲೆಯುಳ್ಳ ಲೇಖನ ಬೇರೆ ಇರಲಾರದು.

ಮುಂದಿನ ಸಲ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಿಂದ ಇಳಿದಾಗ ಮಕ್ಕಳಿಗೆ ಗೇಟ್‌ವೇ ತೋರಿಸೋಣ, ಎಲಿಫೆಂಟಾ ತೋರಿಸೋಣ. ಮಾಟುಂಗಾದಲ್ಲಿ ಬಾಳೆಯೆಲೆಯ ಮುಂದೆ ಕೂರಿಸಿ, ಈ ಎಲೆಯನ್ನು ಹಾಸಿದವರು ಎಲ್ಲಿಂದ ಬಂದವರೆಂಬುದನ್ನೂ ಹೇಳೋಣ.