ರಾಬಿನ್ಸನ್‌ಗೂ ಮೊದಲಿನ ಮೊನಾರ್ಕ್ಸ್

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದು ಅಮೆರಿಕದ ಬೇಸ್‌ಬಾಲಿನ ವರ್ಣಭೇದದ ಗೋಡೆ ಕೆಡವಿದ್ದು ಲೋಕಪ್ರಸಿದ್ಧ ಕಥೆ. 1945ರಲ್ಲಿ ಅವರು ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಆಟಗಾರರಾಗಿದ್ದ ವಿಷಯ ಆ ಕಥೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಹಾಗೆ ಹೇಳಿದಾಗ ಮೊನಾರ್ಕ್ಸ್ ತಂಡ ದೊಡ್ಡ ಲೀಗಿನ ಬಾಗಿಲಲ್ಲಿ ಕಾಯುತ್ತ ನಿಂತವರ ಗುಂಪಿನಂತೆ ಕಾಣುತ್ತದೆ. ಆದರೆ ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅದು ಆಟ, ವ್ಯಾಪಾರ, ಊರಿನ ಅಭಿಮಾನ ಮೂರನ್ನೂ ಸ್ವಂತ ಬಲದ ಮೇಲೆ ಕಟ್ಟಿ ನಿಲ್ಲಿಸಿದ ಸಂಸ್ಥೆ. ಬೇಸ್‌ಬಾಲ್ ಚರಿತ್ರೆಯಲ್ಲಿ ಅದಕ್ಕೆ ಸಿಗಬೇಕಾದದ್ದು ಅಡಿಟಿಪ್ಪಣಿಯಲ್ಲ, ಅಧ್ಯಾಯ.

1920ರಲ್ಲಿ ರೂಬ್ ಫಾಸ್ಟರ್ ಮುಂದಾಳತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಎಂಬ ಕಪ್ಪು ಆಟಗಾರರ ಲೀಗು ಹುಟ್ಟಿದ್ದು ಕ್ಯಾನ್ಸಸ್ ಸಿಟಿಯಲ್ಲೇ. ಅದೇ ವರ್ಷ ಜೆ. ಎಲ್. ವಿಲ್ಕಿನ್ಸನ್ ಮೊನಾರ್ಕ್ಸ್ ತಂಡ ಕಟ್ಟಿದರು. ಅವರು ಬಿಳಿಯರು, ಆಟಗಾರರ ಜೊತೆ ನಡೆದುಕೊಂಡ ರೀತಿಯಿಂದ ಅವರ ಗೌರವ ಗಳಿಸಿದವರು. 1924ರ ಮೊದಲ ನೀಗ್ರೋ ವಿಶ್ವ ಸರಣಿಯಲ್ಲಿ ತಂಡ ಹಿಲ್‌ಡೇಲ್ ತಂಡದ ವಿರುದ್ಧ ಗೆದ್ದಿತು. ಆಗಿನ ತಾರೆ ಬುಲೆಟ್ ರೋಗನ್. ಪಿಚರ್ ಆಗಿ ಎದುರಾಳಿಗಳನ್ನು ಕಾಡುತ್ತಿದ್ದ ಅವರು ಬ್ಯಾಟಿಂಗ್‌ನಲ್ಲೂ ಅಷ್ಟೇ ಸಮರ್ಥರು.

ಆರ್ಥಿಕ ಕುಸಿತದ ಕಾಲದಲ್ಲಿ ತಂಡವನ್ನು ಉಳಿಸಿದ್ದು ಬೆಳಕು. ಹಗಲೆಲ್ಲ ದುಡಿಯುವ ಜನ ಹಗಲಿನ ಆಟಕ್ಕೆ ಬರುವುದು ಹೇಗೆ? 1930ರಲ್ಲಿ ವಿಲ್ಕಿನ್ಸನ್ ಸಾಲ ಮಾಡಿ, ಲಾರಿಗಳ ಮೇಲೆ ಸಾಗಿಸಬಹುದಾದ ದೀಪದ ಕಂಬಗಳನ್ನೂ ಜನರೇಟರನ್ನೂ ಮಾಡಿಸಿಕೊಂಡರು. ತಂಡ ಊರೂರು ಸುತ್ತಿ ರಾತ್ರಿ ಪಂದ್ಯ ಆಡತೊಡಗಿತು. ಮೇಜರ್ ಲೀಗಿನ ಮೊದಲ ರಾತ್ರಿ ಪಂದ್ಯ ಸಿನ್ಸಿನಾಟಿಯಲ್ಲಿ ನಡೆದದ್ದು 1935ರ ಮೇ 24ರಂದು, ಐದು ವರ್ಷ ತಡವಾಗಿ. ಹಿಂದುಳಿದವರು ಯಾರು, ಮುಂದಿದ್ದವರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಾಣದು.

ನೀಗ್ರೋ ಲೀಗುಗಳ ಆಟದ ಮಟ್ಟ ಕೆಳಗಿತ್ತು, ದಾಖಲೆಗಳು ಅರೆಬರೆ ಎಂಬ ಆಕ್ಷೇಪ ಹಳೆಯದು. ದಾಖಲೆಗಳಲ್ಲಿ ಕೊರತೆ ಇದೆ, ನಿಜ. ಮಟ್ಟದ ಪ್ರಶ್ನೆಗೆ ಮಾತ್ರ ಮೊನಾರ್ಕ್ಸ್ ಆಟಗಾರರೇ ಸಾಕ್ಷಿ ಹೇಳಿದ್ದಾರೆ. ತೋಳಿಗೆ ಪೆಟ್ಟಾಗಿ ಇನ್ನು ಮುಗಿಯಿತು ಎನಿಸಿದ್ದ ಪಿಚರ್ ಸ್ಯಾಚೆಲ್ ಪೇಜ್ ಅವರನ್ನು ಕರೆದು ಮತ್ತೆ ನಿಲ್ಲಿಸಿದವರು ವಿಲ್ಕಿನ್ಸನ್. 1942ರಲ್ಲಿ ಜೋಶ್ ಗಿಬ್ಸನ್ ಇದ್ದ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಮಣಿಸಿ ಚಾಂಪಿಯನ್ ಆದ ಮೊನಾರ್ಕ್ಸ್‌ನ ಮುಖ್ಯ ಅಸ್ತ್ರ ಪೇಜ್. 1948ರಲ್ಲಿ, 42ರ ವಯಸ್ಸಿನಲ್ಲಿ, ಮೇಜರ್ ಲೀಗಿನ ಕ್ಲೀವ್‌ಲ್ಯಾಂಡ್ ತಂಡ ಸೇರಿದ ಅವರು 6 ಪಂದ್ಯ ಗೆದ್ದು ಒಂದನ್ನಷ್ಟೇ ಸೋತರು. ಆ ವರ್ಷ ಕ್ಲೀವ್‌ಲ್ಯಾಂಡ್ ವಿಶ್ವ ಸರಣಿ ಗೆದ್ದಿತು. ಅವರ ಯೌವನದ ಎಸೆತ ಹೇಗಿದ್ದಿರಬೇಕು! ಎರ್ನಿ ಬ್ಯಾಂಕ್ಸ್ 1953ರಲ್ಲಿ ನಡುವಿನ ಯಾವ ಲೀಗನ್ನೂ ಮೆಟ್ಟದೆ ಮೊನಾರ್ಕ್ಸ್‌ನಿಂದ ನೇರವಾಗಿ ಶಿಕಾಗೋ ಕಬ್ಸ್‌ಗೆ ಹೋದರು, 512 ಹೋಮ್ ರನ್ ಹೊಡೆದರು. ಯಾಂಕೀಸ್‌ನ ಮೊದಲ ಕಪ್ಪು ಆಟಗಾರ ಎಲ್‌ಸ್ಟನ್ ಹೋವರ್ಡ್ ಕೂಡ ಇಲ್ಲಿಂದಲೇ ಹೋದವರು. ಮೇಜರ್ ಲೀಗ್ ನೀಗ್ರೋ ಲೀಗುಗಳನ್ನು ತನ್ನ ಸಮಾನವೆಂದು ಒಪ್ಪಿದ್ದು 2020ರಲ್ಲಿ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಪ್ರತ್ಯೇಕತೆಯ ಪಾಪದಿಂದ ಹುಟ್ಟಿದ ಲೀಗು ಮುಚ್ಚಿದರೆ ಅಳುವುದೇಕೆ? ಪ್ರತ್ಯೇಕತೆ ಅಳಿದದ್ದಕ್ಕೆ ಯಾರೂ ಅಳಬೇಕಿಲ್ಲ. ನನ್ನ ತಕರಾರು ಅದು ಅಳಿದ ರೀತಿಯ ಬಗ್ಗೆ. ರಾಬಿನ್ಸನ್‌ರನ್ನು ಕರೆದೊಯ್ದ ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಮೊನಾರ್ಕ್ಸ್‌ಗೆ ಬಿಡಿಗಾಸು ಕೊಡಲಿಲ್ಲ. ನೀಗ್ರೋ ಲೀಗುಗಳು ಲೀಗುಗಳೇ ಅಲ್ಲ ಎಂಬುದು ಅವರ ವಾದ. ಆಟಗಾರನ ದಾರಿಗೆ ಅಡ್ಡ ಬರಬಾರದೆಂದು ವಿಲ್ಕಿನ್ಸನ್ ಕೋರ್ಟಿಗೆ ಹೋಗಲಿಲ್ಲ. ಅಭಿಮಾನಿಗಳು ರಾಬಿನ್ಸನ್‌ರ ಹಿಂದೆ ಹೋದರು, ಗಲ್ಲಾಪೆಟ್ಟಿಗೆ ಬರಿದಾಯಿತು. ದೊಡ್ಡ ಲೀಗಿಗೆ ಬೇಕಿದ್ದದ್ದು ಕಪ್ಪು ಆಟಗಾರರ ತೋಳಬಲ ಮಾತ್ರ. ತಂಡ ನಡೆಸಿದವರ ಬುದ್ಧಿ ಅದಕ್ಕೆ ಬೇಡವಾಗಿತ್ತು. ಮೊನಾರ್ಕ್ಸ್‌ನಲ್ಲಿ ಆಡಿ, ವರ್ಷಗಟ್ಟಲೆ ಮ್ಯಾನೇಜರ್ ಆಗಿ ತಂಡ ನಡೆಸಿದ್ದ ಬಕ್ ಓನೀಲ್ ಅವರನ್ನು ಕಬ್ಸ್ 1962ರಲ್ಲಿ ಕೋಚ್ ಮಾಡಿತು. ಮೇಜರ್ ಲೀಗಿನ ಮೊದಲ ಕಪ್ಪು ಕೋಚ್ ಅವರೇ. ಅಲ್ಲಿ ಮ್ಯಾನೇಜರ್ ಪದವಿ ಅವರಿಗೆ ಎಂದೂ ಸಿಗಲಿಲ್ಲ. ಕಪ್ಪು ವ್ಯಕ್ತಿಯೊಬ್ಬ, ಫ್ರಾಂಕ್ ರಾಬಿನ್ಸನ್, ಮೇಜರ್ ಲೀಗ್ ತಂಡದ ಮ್ಯಾನೇಜರ್ ಆಗಿ ಮೈದಾನಕ್ಕೆ ಬಂದದ್ದು 1975ರಲ್ಲಿ. ಅಷ್ಟರಲ್ಲಿ ಮೊನಾರ್ಕ್ಸ್ ಮುಚ್ಚಿ ಹತ್ತು ವರ್ಷವಾಗಿತ್ತು.