ರಾಜರು ಒಳ್ಳೆಯವರೇ, ಆದರೂ ಚಳವಳಿ ಯಾಕೆ? ‘ಮೈಸೂರು ಚಲೋ’ ಕಥೆ

ರಾಜರ ವಿರುದ್ಧದ ಕ್ರಾಂತಿ ಅಂದ ತಕ್ಷಣ ನಮಗೆ ನೆನಪಾಗೋದು ಫ್ರಾನ್ಸ್, ಇಲ್ಲಾಂದ್ರೆ ರಷ್ಯಾ. 1793ರಲ್ಲಿ ಹದಿನಾರನೇ ಲೂಯಿಯ ತಲೆ ಕಡಿದರು. 1918ರಲ್ಲಿ ಝಾರ್ ಕುಟುಂಬಕ್ಕೆ ಗುಂಡಿಕ್ಕಿದರು. ಆದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರ ಅಜ್ಜ-ಮುತ್ತಜ್ಜಂದಿರೂ ಒಂದು ರಾಜಾಧಿಕಾರ ಮುಗಿದಿದ್ದನ್ನ ಕಣ್ಣಾರೆ ಕಂಡವರು. ಈ ನಾಲ್ಕೂ ಊರು ಆಗ ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಯಲ್ಲಿದ್ದವು.

ಇಲ್ಲೊಂದು ವಿಚಿತ್ರ ಇದೆ. ಮೈಸೂರು ‘ಮಾದರಿ ಸಂಸ್ಥಾನ’ ಅಂತ ಹೆಸರಾಗಿತ್ತು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಬಂತು, 1916ರಲ್ಲಿ ವಿಶ್ವವಿದ್ಯಾಲಯ, ಆಮೇಲೆ ಕನ್ನಂಬಾಡಿ ಕಟ್ಟೆ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಹಾಗಿದ್ರೆ ಜನ ಯಾಕೆ ಬೀದಿಗಿಳಿದರು?

ಯಾಕಂದ್ರೆ ಆ ಸಭೆ ಪ್ರಶ್ನೆ ಕೇಳಬಹುದಿತ್ತು, ದಿವಾನರನ್ನ ಇಳಿಸೋ ಹಾಗಿರಲಿಲ್ಲ. ದಿವಾನರು ಲೆಕ್ಕ ಒಪ್ಪಿಸಬೇಕಿದ್ದದ್ದು ಮಹಾರಾಜರಿಗೆ. ವೋಟಿನ ಹಕ್ಕೂ ಎಲ್ಲರಿಗೂ ಇರಲಿಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಕಂಪನಿ ಲಾಭದಲ್ಲೇ ಇದೆ, ಆದರೆ ಷೇರುದಾರರಿಗೆ ಮ್ಯಾನೇಜರ್‌ನ ಬದಲಾಯಿಸೋ ಹಕ್ಕಿಲ್ಲ.

ಅಸಮಾಧಾನ ಮೊದಲೇ ಹೊಗೆಯಾಡ್ತಿತ್ತು. 1938ರ ಏಪ್ರಿಲ್‌ನಲ್ಲಿ, ಚನ್ನಪಟ್ಟಣದಿಂದ ಮುಂದೆ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಸಿಕ್ತು. ಜಯಚಾಮರಾಜೇಂದ್ರ ಒಡೆಯರ್ ಭಾರತ ಒಕ್ಕೂಟ ಸೇರೋಕೆ ಅದಾಗಲೇ ಸಹಿ ಹಾಕಿದ್ದರು. ಆದರೆ ಮೈಸೂರಿನಲ್ಲಿ ಅಧಿಕಾರ ಇನ್ನೂ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ. ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ‘ಮೈಸೂರು ಚಲೋ’ ಅಂತ ಕರೆ ಕೊಟ್ಟಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಹೊರಬಿದ್ದರು, ಜೈಲುಗಳು ತುಂಬಿದವು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇವತ್ತಿನ ರಾಮಸ್ವಾಮಿ ಸರ್ಕಲ್ ಅವನ ನೆನಪಿನದು. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು. 25ರಂದು ಕೆ.ಸಿ. ರೆಡ್ಡಿ ಸರ್ಕಾರ ಬಂತು.

ಗಮನಿಸಿ, ಕೂಗಿದ್ದು ‘ಜವಾಬ್ದಾರಿ ಸರ್ಕಾರ ಬೇಕು’ ಅಂತ, ‘ರಾಜರನ್ನ ಓಡಿಸಿ’ ಅಂತಲ್ಲ. ಹಾಗಾಗಿ ರಾಜರಿಗೆ ದಾರಿ ತೆರೆದೇ ಇತ್ತು. ಅವರೂ ಹಟ ಹಿಡಿದು ಕೂರಲಿಲ್ಲ. 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಮಾಜಿ ರಾಜರಿಗೆ ಸಿಗ್ತಿದ್ದ ರಾಜಧನ 1971ರವರೆಗೂ ನಡೀತು. ನಮ್ಮ ಕ್ರಾಂತಿಯಲ್ಲಿ ರಕ್ತ ಕಡಿಮೆ ಹರಿಯಿತು, ಸಂಪತ್ತೂ ನಿಧಾನಕ್ಕೆ ಕೈ ಬದಲಾಯಿತು.

ಆದರೂ ಬದಲಾವಣೆ ಸಣ್ಣದಲ್ಲ. 1952ರಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ವೋಟಿನ ಹಕ್ಕಿತ್ತು, ಆಸ್ತಿ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ವಕೀಲ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ, 1954ರಲ್ಲಿ, ಇನಾಂ ರದ್ದತಿ ಕಾಯ್ದೆ ಬಂತು. ಹಿಂದೆ ದೊರೆಗಳು ಬರೆದುಕೊಟ್ಟ ಇನಾಂ ಹಳ್ಳಿಗಳಲ್ಲಿ ಉಳುವವನು ಇನಾಂದಾರನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಕಿರೀಟ ಇಳಿದಿದ್ದರ ನಿಜವಾದ ಫಲ ಹೊಲದಲ್ಲಿ ಕಾಣಿಸಿಕೊಂಡಿದ್ದು ಆಗ.

ಹುಟ್ಟಿನಿಂದ ಅಧಿಕಾರ ಬರಬಾರದು ಅನ್ನೋದು ಅವತ್ತಿನ ಹೋರಾಟ. ಈಗ ನಮ್ಮ ನಾಲ್ಕು ತಾಲೂಕಲ್ಲಿ ಯಾವ ಚುನಾವಣೆ ಬಂದರೂ ಮೊದಲ ಪ್ರಶ್ನೆ ‘ಈ ಸಲ ಯಾರ ಮಗನಿಗೆ ಟಿಕೆಟ್?’ ಅನ್ನೋದು. ಒಂದೇ ವ್ಯತ್ಯಾಸ: ದಿವಾನರನ್ನ ಇಳಿಸೋಕೆ ಜೈಲಿಗೆ ಹೋಗಬೇಕಿತ್ತು, ಇವರನ್ನ ಇಳಿಸೋಕೆ ಬೂತಿಗೆ ಹೋದರೆ ಸಾಕು. ಆ ವ್ಯತ್ಯಾಸಕ್ಕಾಗಿಯೇ ರಾಮಸ್ವಾಮಿ ಪ್ರಾಣ ಕೊಟ್ಟಿದ್ದು.