ಜೀರೋ ಟರ್ನ್ ಮೋವರ್: ಸಮತಟ್ಟಿನಲ್ಲಿ ಚುರುಕು, ಇಳಿಜಾರಿನಲ್ಲಿ ಅಪಾಯ

ಸ್ಟೇರಿಂಗ್ ಇಲ್ಲ. ಎರಡು ಕೈಗೆ ಎರಡು ಲಿವರ್. ಸೀಟಿನಲ್ಲಿ ಕೂತವನು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಾಡಿದರೆ ಇಡೀ ಯಂತ್ರ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಹುಲ್ಲು ಕತ್ತರಿಸುವ ಈ ಅಮೆರಿಕನ್ ಯಂತ್ರದ ವಿಡಿಯೊಗಳು ಮೊಬೈಲ್‌ನಲ್ಲಿ ಬೇಕಾದಷ್ಟು ಓಡಾಡುತ್ತವೆ. ಬ್ರಷ್ ಕಟ್ಟರನ್ನು ಹೆಗಲಿಗೆ ಹಾಕಿ ಗುಡ್ಡೆ ಬದಿಯ ಹುಲ್ಲು ಹೆರೆದು ಸೊಂಟ ಹಿಡಿಸಿಕೊಂಡವರಿಗೆ ಅದನ್ನು ನೋಡಿದರೆ ಆಸೆಯಾಗುವುದು ಸಹಜ. ಆದರೆ ಈ ಯಂತ್ರಕ್ಕೆ ಆಗದ ಜಾಗ ಇರುವುದೇ ಇಳಿಜಾರಿನಲ್ಲಿ. ಅದರ ತವರಾದ ಅಮೆರಿಕದಲ್ಲೇ ಇಳಿಜಾರು ಲಾನ್ ಇರುವವರು ಇದನ್ನು ಕೊಂಡ ಮೇಲೆ ತಲೆ ಕೆರೆದುಕೊಳ್ಳುವುದುಂಟು.

ಅಮೆರಿಕದ ಹಳ್ಳಿ, ಉಪನಗರಗಳಲ್ಲಿ ಮನೆಯ ಸುತ್ತ ಒಂದೆಕರೆ, ಅಂದರೆ ನಮ್ಮ ಲೆಕ್ಕದ 100 ಸೆಂಟ್ಸ್, ಬರೀ ಹುಲ್ಲೇ ಇರುವುದು ಸಾಮಾನ್ಯ. ಬೇಸಿಗೆಯಲ್ಲಿ ಅದನ್ನು ವಾರಕ್ಕೊಮ್ಮೆ ಕತ್ತರಿಸಬೇಕು. 21 ಇಂಚು ಅಗಲದ ತಳ್ಳುವ ಮೋವರ್‌ನಲ್ಲಿ ಒಂದೆಕರೆಗೆ ಎರಡು ಗಂಟೆಯ ನಡಿಗೆ. 48 ಇಂಚಿನ ಜೀರೋ ಟರ್ನ್ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋದರೆ ಅರ್ಧ ಗಂಟೆಯ ಕೆಲಸ. ಮರದ ಬುಡ, ಹೂವಿನ ಪಾತಿ ಬಂದರೆ ರಿವರ್ಸ್ ತೆಗೆಯುವ ರಗಳೆಯಿಲ್ಲ, ಸುತ್ತು ಹಾಕಿ ಮುಂದೆ ಹೋಗಬಹುದು. ಜನ ಇದಕ್ಕೆ ಮರುಳಾಗುವುದು ಈ ಉಳಿತಾಯಕ್ಕೆ.

1949ರಲ್ಲಿ ಮಿಸೌರಿ ರಾಜ್ಯದ ಮ್ಯಾಕ್ಸ್ ಸ್ವಿಶರ್ ತಯಾರಿಸಿದ ಮೂರು ಚಕ್ರದ 'ರೈಡ್ ಕಿಂಗ್' ನಿಂತಲ್ಲೇ ತಿರುಗುವ ಮೊದಲ ಮೋವರ್ ಎಂದು ಹೆಸರಾಗಿದೆ. ಇವತ್ತಿನ ಎರಡು ಲಿವರಿನ ರೂಪ ಬಂದದ್ದು 1960ರ ದಶಕದಲ್ಲಿ, ಕಾನ್ಸಾಸ್‌ನ ಜಾನ್ ರೀಗಿಯರ್ ಅವರಿಂದ. ಅದು 'ಹಸ್ಲರ್' ಹೆಸರಿನಲ್ಲಿ ಮಾರಾಟವಾಯಿತು.

ಇಳಿಜಾರಿನ ಕಥೆ ಅರ್ಥವಾಗಬೇಕಾದರೆ ಚಕ್ರಗಳನ್ನು ನೋಡಬೇಕು. ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಪ್ರತ್ಯೇಕ ಹೈಡ್ರಾಲಿಕ್ ಪಂಪ್ ಮತ್ತು ಮೋಟಾರ್. ಎಡ ಲಿವರ್ ಎಡ ಚಕ್ರಕ್ಕೆ, ಬಲ ಲಿವರ್ ಬಲ ಚಕ್ರಕ್ಕೆ. ಒಂದು ಚಕ್ರ ಹೆಚ್ಚು ವೇಗವಾಗಿ ಓಡಿದರೆ ಯಂತ್ರ ಇನ್ನೊಂದು ಬದಿಗೆ ತಿರುಗುತ್ತದೆ. ಮುಂದಿನ ಎರಡು ಸಣ್ಣ ಚಕ್ರಗಳು ಸೂಪರ್ ಮಾರ್ಕೆಟಿನ ಟ್ರಾಲಿ ಚಕ್ರದ ಹಾಗೆ, ಹೋದತ್ತ ತಿರುಗುವಂಥವು. ಅವು ಎಳೆಯುವುದಿಲ್ಲ, ದಾರಿ ತೋರಿಸುವುದಿಲ್ಲ, ನಿಲ್ಲಿಸುವುದೂ ಇಲ್ಲ. ಹೆಚ್ಚಿನ ಮಾದರಿಗಳಲ್ಲಿ ಓಡುವಾಗ ತುಳಿಯಲು ಬ್ರೇಕ್ ಪೆಡಲ್ ಕೂಡ ಇರುವುದಿಲ್ಲ, ಇರುವುದು ಪಾರ್ಕಿಂಗ್ ಬ್ರೇಕ್ ಮಾತ್ರ. ಲಿವರನ್ನು ನ್ಯೂಟ್ರಲ್‌ಗೆ ತಂದಾಗ ಹೈಡ್ರಾಲಿಕ್ ಎಣ್ಣೆಯ ಒತ್ತಡವೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ.

ಅಂದರೆ ಎಳೆಯುವುದು, ತಿರುಗಿಸುವುದು, ನಿಲ್ಲಿಸುವುದು ಮೂರೂ ಆ ಎರಡು ಚಕ್ರಗಳ ಹಿಡಿತದ ಮೇಲೆ ನಿಂತಿದೆ. ಹುಲ್ಲು ಒದ್ದೆಯಾಗಿ ಆ ಹಿಡಿತ ತಪ್ಪಿತು ಅಂತಿಟ್ಟುಕೊಳ್ಳಿ. ಕಾರಿನಲ್ಲಾದರೆ ಸ್ಟೇರಿಂಗ್ ಒಂದು, ಬ್ರೇಕ್ ಒಂದು. ಇಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಸಮತಟ್ಟಿನಲ್ಲಿ ಎಂಜಿನ್ನಿನ ಮತ್ತು ಕೂತವನ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲಿರುತ್ತದೆ, ತೊಂದರೆಯಿಲ್ಲ. ಕೆಳಮುಖವಾಗಿ ಇಳಿಯುವಾಗ ಮಾತ್ರ ಭಾರ ಮುಂದಿನ ಚಕ್ರಗಳ ಕಡೆ, ಯಾವ ಉಪಯೋಗಕ್ಕೂ ಬಾರದ ಆ ಟ್ರಾಲಿ ಚಕ್ರಗಳ ಕಡೆ ಸರಿಯುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರಲು ಶುರುವಾಗುತ್ತದೆ. ಮೇಲ್ಮುಖವಾಗಿ ಹತ್ತುವಾಗ ಇದರ ತಿರುಗುಮುರುಗು: ಲಿವರನ್ನು ಒಮ್ಮೆಲೇ ದೂಡಿದರೆ ಮೂತಿ ಮೇಲೆದ್ದು ಯಂತ್ರ ಹಿಂದಕ್ಕೆ ಮಗುಚಬಹುದು. ಅಡ್ಡಕ್ಕೆ ಹೋದರೆ ಮೂತಿ ತಗ್ಗಿನ ಕಡೆಗೇ ಎಳೆಯುತ್ತಿರುತ್ತದೆ. ತಗ್ಗಿನ ಬದಿಯ ಲಿವರನ್ನು ಸ್ವಲ್ಪ ಹೆಚ್ಚು ಒತ್ತಿ ಹಿಡಿದೇ ನೇರ ಹೋಗಬೇಕು.

ಹೆಚ್ಚಿನ ಕಂಪನಿಗಳು ಕೈಪಿಡಿಯಲ್ಲಿ 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಹೋಗಬೇಡಿ ಎನ್ನುತ್ತವೆ. ಕೆಲವದಕ್ಕೆ 10 ಡಿಗ್ರಿಯೇ ಮಿತಿ. 15 ಡಿಗ್ರಿ ಅಂದರೆ ಎಷ್ಟು ಎಂದು ಕಣ್ಣಂದಾಜಿನಲ್ಲಿ ಹೇಳುವವರು ಸಾಮಾನ್ಯವಾಗಿ ತಪ್ಪುತ್ತಾರೆ. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ಊರಿ, ಮೇಸ್ತ್ರಿಯ ರಸಮಟ್ಟ ಇಟ್ಟು ಸಮ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತರ ಎಂದು ಅಳೆದರೆ ಲೆಕ್ಕ ಸಿಗುತ್ತದೆ. 18 ಸೆಂಟಿಮೀಟರ್ ಬಂದರೆ ಸುಮಾರು 10 ಡಿಗ್ರಿ, 27 ಬಂದರೆ 15 ಡಿಗ್ರಿ. ಒಂದೇ ಕಡೆ ಅಳೆದರೆ ಸಾಲದು. ಇಡೀ ಲಾನ್ ಸೌಮ್ಯವಾಗಿದ್ದು ಚರಂಡಿ ಬದಿಯ ಎರಡು ಮಾರು ಮಾತ್ರ ಕಡಿದಾಗಿದ್ದರೆ ಯಂತ್ರ ಮಗುಚುವುದು ಆ ಎರಡು ಮಾರಿನಲ್ಲೇ. ಈ ಮಿತಿ ಒಣ ಹುಲ್ಲಿಗೆ ಹೇಳಿದ್ದು ಎಂಬುದೂ ನೆನಪಿರಲಿ.

ಮಿತಿಯೊಳಗಿನ ಇಳಿಜಾರಿನಲ್ಲಿ ಅಡ್ಡಕ್ಕೆ ಹೋಗಬೇಕೋ ಮೇಲೆ ಕೆಳಗೆ ಹೋಗಬೇಕೋ? ಸ್ಟೇರಿಂಗ್ ಇರುವ ಮಾಮೂಲಿ ರೈಡಿಂಗ್ ಮೋವರಿಗೆ ಮೇಲೆ ಕೆಳಗೆ ಎಂಬುದು ಉತ್ತರ. ಜೀರೋ ಟರ್ನ್‌ಗೆ ಕಂಪನಿಯಿಂದ ಕಂಪನಿಗೆ ಮಾತು ಬೇರೆ, ಹಾಗಾಗಿ ಆ ಮಾದರಿಯ ಕೈಪಿಡಿ ಹೇಳಿದ್ದೇ ಸರಿ. ಎಲ್ಲರೂ ಒಪ್ಪುವ ಕೆಲವು ಸಂಗತಿಗಳಿವೆ. ಇಳಿಜಾರಿನ ಮಧ್ಯೆ ನಿಲ್ಲಿಸಿ ಹೊರಡಬಾರದು, ಗಕ್ಕನೆ ತಿರುಗಿಸಬಾರದು. ಕೆರೆ, ತೋಡು, ಗೋಡೆಯ ಅಂಚಿಗೆ ಹೋಗಲೇಬಾರದು, ಕನಿಷ್ಠ ಯಂತ್ರದ ಅಗಲದ ಎರಡರಷ್ಟು ಜಾಗ ಬಿಡಬೇಕು. ಯಂತ್ರ ನೀರಿಗೆ ಮಗುಚಿ ಅದರಡಿ ಸಿಕ್ಕಿ ಜೀವ ಹೋದ ಪ್ರಕರಣಗಳು ಅಲ್ಲಿ ಆಗಾಗ ವರದಿಯಾಗುತ್ತವೆ. ಚಕ್ರ ಜಾರಲು ಶುರುವಾದರೆ ಬ್ಲೇಡ್ ಆಫ್ ಮಾಡಿ, ಅಡ್ಡ ತಿರುಗಿಸಲು ಹೋಗದೆ, ನಿಧಾನವಾಗಿ ನೇರ ಕೆಳಗಿಳಿಯಬೇಕು.

ಸೀಟಿನ ಹಿಂದೆ ಕಮಾನಿನಂಥ ಕಬ್ಬಿಣದ ಚೌಕಟ್ಟು ಇರುವ ಮಾದರಿಗಳಿವೆ. ಯಂತ್ರ ಮಗುಚಿದರೂ ಕೂತವನು ಜಜ್ಜಿಹೋಗದಂತೆ ಕಾಯುವುದು ಅದರ ಕೆಲಸ. ಅದು ಎತ್ತಿರುವಾಗ ಬೆಲ್ಟ್ ಕಡ್ಡಾಯ. ಮರದ ಗೆಲ್ಲು ತಾಗುತ್ತದೆ ಎಂದು ಮಡಚಿಟ್ಟರೆ ಬೆಲ್ಟ್ ಹಾಕಬಾರದು. ಮಡಚಿಟ್ಟು ಬೆಲ್ಟ್ ಹಾಕುವುದೆಂದರೆ ಮಗುಚುವ ಯಂತ್ರಕ್ಕೆ ತನ್ನನ್ನು ತಾನೇ ಕಟ್ಟಿಕೊಂಡ ಹಾಗೆ. ಮಕ್ಕಳನ್ನು ಮಡಿಲಲ್ಲಿ ಕೂರಿಸಿ ಒಂದು ರೌಂಡ್ ಹೊಡೆಯುವ ಶೋಕಿ ಅಲ್ಲೂ ಇದೆ. 16 ವರ್ಷದೊಳಗಿನವರು ಸವಾರಿ ಮೋವರ್ ಓಡಿಸಲೇಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸೂಚನೆ.

ಇನ್ನು ಉಬ್ಬುತಗ್ಗಿನ ನೆಲದ ಕಥೆ. ಇಲ್ಲಿ ಹೋಗುವುದು ಜೀವವಲ್ಲ, ದುಡ್ಡು. ಬ್ಲೇಡ್ ಇರುವ ಡೆಕ್ ನಾಲ್ಕೈದು ಅಡಿ ಅಗಲ. ನೆಲ ಎದ್ದಲ್ಲಿ ಅದು ಹುಲ್ಲನ್ನು ಬುಡಸಮೇತ ಕೆರೆದು ಮಣ್ಣು ಕಾಣಿಸುತ್ತದೆ, ತಗ್ಗಿದಲ್ಲಿ ಹುಲ್ಲು ಹಾಗೇ ಉಳಿಯುತ್ತದೆ. ಡೆಕ್ಕಿನ ಅಂಚಿನ ಸಣ್ಣ ರೋಲರ್‌ಗಳನ್ನು ಸರಿಯಾದ ಎತ್ತರಕ್ಕೆ ಇಟ್ಟು, ಹುಲ್ಲನ್ನು 3 ಇಂಚಿಗಿಂತ ಮೇಲೆ ಕತ್ತರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಒಂದು ಟಯರಿನಲ್ಲಿ ಗಾಳಿ ಕಡಿಮೆಯಿದ್ದರೂ ಡೆಕ್ ವಾಲುತ್ತದೆ, ಯಂತ್ರ ಒಂದು ಬದಿಗೆ ಎಳೆಯುತ್ತದೆ. ಬೇರಿಗೋ ಕಲ್ಲಿಗೋ ಹೊಡೆದರೆ ಬ್ಲೇಡ್ ಬಾಗುವುದಲ್ಲದೆ ಅದರ ಸ್ಪಿಂಡಲ್, ಬೇರಿಂಗ್ ಎಲ್ಲ ಹಾಳು. ವಿಡಿಯೊದ ವೇಗದಲ್ಲಿ ಗುಂಡಿಗೆ ಬಿಟ್ಟರೆ ಮುಂದಿನ ಚಕ್ರದ ಕವೆ ಬಾಗೀತು, ಸವಾರನ ಬೆನ್ನೂ ಉಳಿಯಲಿಕ್ಕಿಲ್ಲ. ಸ್ಪ್ರಿಂಗ್ ಸಸ್ಪೆನ್ಶನ್ ಇರುವ ಮಾದರಿಗಳು ಬೆನ್ನಿಗೆ ಹಿತ, ಜೇಬಿಗೆ ಭಾರ. ವೇಗ ಅರ್ಧಕ್ಕಿಳಿಸಿದರೆ ಕೆಲಸದ ಸಮಯ ದುಪ್ಪಟ್ಟು. ಸಮಯದ ಉಳಿತಾಯದ ಲೆಕ್ಕದಲ್ಲಿ ಕೊಂಡವರು ಇದನ್ನು ಮೊದಲೇ ಕಳೆಯಬೇಕು.

ಗುಂಡಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ ತಳ್ಳಲು ಬೈಪಾಸ್ ಎಂಬ ಗುಬುಟು ಇರುತ್ತದೆ. ಅದನ್ನು ಎಳೆದರೆ ಹೈಡ್ರಾಲಿಕ್ ಹಿಡಿತ ಬಿಟ್ಟುಹೋಗುತ್ತದೆ. ಇಳಿಜಾರಿನಲ್ಲಿ ಹಾಗೆ ಮಾಡಿದರೆ ಯಂತ್ರ ತಾನಾಗಿ ಉರುಳಿ ಕೆಳಗೆ ನಿಂತವನ ಮೈಮೇಲೇ ಬರಬಹುದು.

ಮನೆಬಳಕೆಯ ಜೀರೋ ಟರ್ನ್‌ಗೆ ಅಲ್ಲಿ ಸುಮಾರು 3,000 ಡಾಲರಿನಿಂದ ಮೇಲೆ, ಗುತ್ತಿಗೆ ಕೆಲಸದವರ ಗಟ್ಟಿ ಮಾದರಿಗೆ 10,000 ದಾಟುತ್ತದೆ. ಲಾನಿನ ಮುಕ್ಕಾಲು ಭಾಗ ಸಮವಿದ್ದರೆ ಇದು ಸರಿಯಾದ ಖರೀದಿ. ಉಳಿದ ಕಾಲು ಭಾಗಕ್ಕೆ ತಳ್ಳುವ ಮೋವರ್ ಅಥವಾ ಬ್ರಷ್ ಕಟ್ಟರ್ ಇಟ್ಟುಕೊಳ್ಳಬೇಕು, ಇಲ್ಲವೇ ಅಲ್ಲಿ ಹುಲ್ಲಿನ ಬದಲು ನೆಲಕ್ಕೆ ಹಬ್ಬುವ ಗಿಡ ನೆಡಬೇಕು. ಜಾಗದ ಹೆಚ್ಚಿನ ಪಾಲು ಇಳಿಜಾರೇ ಆದರೆ ಮುಂದಿನ ಚಕ್ರಕ್ಕೂ ಸ್ಟೇರಿಂಗ್ ಇರುವ ಜೀರೋ ಟರ್ನ್ ಸ್ವಲ್ಪ ವಾಸಿ. ಕಬ್ ಕೆಡೆಟ್ ಕಂಪನಿಯದು ಆ ಬಗೆ. ಆದರೆ ಅದಕ್ಕೂ ಮಿತಿಯಿದೆ. ತೀರಾ ಕಡಿದಾದಲ್ಲಿ ದೂರದಿಂದ ರಿಮೋಟ್‌ನಲ್ಲಿ ನಡೆಸುವ ಯಂತ್ರಗಳು ಬಂದಿವೆ. ಅವುಗಳ ಮೇಲೆ ಯಾರೂ ಕೂರುವುದೇ ಇಲ್ಲ.

ಕಾಸರಗೋಡು, ಮಂಜೇಶ್ವರದ ಕಡೆಯ ಗುಡ್ಡೆ ಬದಿಗೆ, ತಟ್ಟು ತಟ್ಟಾಗಿ ಕಡಿದ ಅಡಿಕೆ ತೋಟಕ್ಕೆ, ನಡುನಡುವೆ ಕಣಿ ಇರುವ ತೆಂಗಿನ ತೋಪಿಗೆ ಈ ಯಂತ್ರ ಇಳಿಯುವ ಹಾಗೇ ಇಲ್ಲ. ಮುರಕಲ್ಲು ತಲೆ ಎತ್ತಿರುವ ಜಾಗದಲ್ಲಿ ಬ್ಲೇಡ್ ಒಂದು ದಿನ ಬಾಳಿದರೆ ಪುಣ್ಯ. ಮೈದಾನ, ರೆಸಾರ್ಟ್, ದೊಡ್ಡ ಕ್ಯಾಂಪಸ್‌ಗಳ ಮಾತು ಬೇರೆ. ಬಾಡಿಗೆಗೆ ಹುಲ್ಲು ಹೆರೆಯುವ ಕೆಲಸ ಶುರುಮಾಡುವ ಯುವಕರು ವಿಡಿಯೊ ನೋಡಿ ಸಾಲ ಮಾಡುವ ಮೊದಲು ಕೆಲಸ ಸಿಗುವ ಜಾಗಗಳಿಗೆ ಒಮ್ಮೆ ಪಟ್ಟಿ ಮತ್ತು ರಸಮಟ್ಟ ಹಿಡಿದುಕೊಂಡು ಹೋಗಿ ಅಳೆದು ಬರುವುದು ಒಳ್ಳೆಯದು. ಹತ್ತು ನಿಮಿಷದ ಕೆಲಸ.